ನೀರು ಕುಡಿಯದ ನೆಲ

ಮೊನ್ನೆ ಸೊಸೆ ಬಚ್ಚಲಿಗೆ ಆಸಿಡ್ ಸುರಿದು ಉಜ್ಜುತ್ತಿದ್ದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಸೂಲಿಬೆಲೆ ಮೇಸ್ತ್ರಿ ನೆನಪಾದ. ನೆನಪಾದ ಕೂಡಲೇ ಹೊಟ್ಟೆಯೂ ಉರಿಯಿತು. ಇಷ್ಟು ವರ್ಷವಾದರೂ...

ಎಪ್ಪತ್ತರ ದಶಕದ ಕೊನೆ. ನೆಲಮಂಗಲದ ಹತ್ತಿರ ಹೊಸ ಕಾರ್ಖಾನೆಯೊಂದರ ಕಾಂಕ್ರೀಟ್ ನೆಲಕ್ಕೆ ಎಪಾಕ್ಸಿ ಎಂಬ ಹೊಸ ಬಣ್ಣ ಬಳಿಯಬೇಕಿತ್ತು. ಅದಕ್ಕೆ ನೆಲ ಹದ ಮಾಡಲು ಅರ್ಧ ನನಗೆ, ಅರ್ಧ ಅವನಿಗೆ ಒಪ್ಪಿಸಿದರು. ಯಾರ ಕೆಲಸ ಗಟ್ಟಿಯೋ ಅವರಿಗೆ ಅಲ್ಲೇ ಕಾಯಂ ಮೇಸ್ತ್ರಿಕೆ ಎಂದಿದ್ದರು ಇಂಜಿನಿಯರ್ ಸಾಹೇಬರು. ನಮ್ಮೂರು ಆವತಿಯ ಸುತ್ತಮುತ್ತ ಕೆಂಪು ಗಾರೆ ನೆಲವೆಂದರೆ ನಾನೇ; ನನ್ನ ನೆಲದಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಅವನೋ ನನಗಿಂತ ಎಂಟು ವರ್ಷ ಚಿಕ್ಕವನು.

ಅವನು ನೀರು ಬೆರೆಸಿದ ಆಸಿಡ್ ಹಾಕಿ, ತಂತಿ ಬ್ರಷ್ಷಿನಿಂದ ತಿಕ್ಕಿ, ಮತ್ತೆ ಮತ್ತೆ ತೊಳೆದು ಒಣಗಿಸಿ, ಇದ್ದ ನುಣುಪನ್ನೂ ಕೆಡಿಸಿ ತರಿತರಿ ಮಾಡಿಟ್ಟ. ನನಗೆ ಒಳಗೊಳಗೇ ನಗು. ನಾನು ಕಲ್ಲಿನಿಂದ ನುಣ್ಣಗೆ ಉಜ್ಜಿ, ಕೆಂಪು ನೆಲಕ್ಕೆ ಮಾಡುವ ಹಾಗೇ ಕೊನೆಗೆ ಕೊಬ್ಬರಿ ಎಣ್ಣೆ ಒರೆಸಿದೆ. ನೆಲ ಫಳಫಳ ಹೊಳೆಯಿತು.

ಬಣ್ಣ ಬಳಿಯುವ ದಿನ ಬೆಳಿಗ್ಗೆ ಅವನು ಎರಡೂ ಕಡೆ ನೀರು ಚಿಮುಕಿಸಿದ. ಅವನ ನೆಲ ಹನಿಯನ್ನು ಹೀರಿಕೊಂಡಿತು. ನನ್ನ ನೆಲದ ಮೇಲೆ ಹನಿಗಳು ಕೆಸವಿನೆಲೆಯ ಮೇಲಿದ್ದಂತೆ ಉರುಳಾಡಿದವು.

“ಅಣ್ಣಾ, ನಿಮ್ ನೆಲ ನೀರು ಕುಡೀತಿಲ್ಲ. ಬಣ್ಣ ಹೆಂಗ್ ಹಿಡ್ಕೊಳ್ತದೆ? ಸಾಹೇಬ್ರ ಹತ್ರ ಎರಡು ದಿನ ಟೈಮ್ ಕೇಳ್ತೀನಿ, ಇಬ್ರೂ ಸೇರಿ ಎಣ್ಣೆ ತೆಗ್ದುಬಿಡೋಣ,” ಎಂದ, ಯಾರಿಗೂ ಕೇಳದ ಹಾಗೆ.

“ನಿನ್ ನೆಲ ನೋಡ್ಕೋ ಹೋಗ್ಲೇ. ನಂಗೇ ಹೇಳ್ಕೊಡಕ್ಕೆ ಬಂದ್ಬಿಟ್ಟ!” ಎಂದೆ. ಅದೇ ದಿನ ಬಣ್ಣ ಬಳಿದೆವು.

ತಿಂಗಳು ತುಂಬುವ ಮೊದಲೇ ನನ್ನ ಅರ್ಧದ ಬಣ್ಣ ಕೈಗಾಡಿಯ ಚಕ್ರಕ್ಕೆ ಹಪ್ಪಳದಂತೆ ಎದ್ದು ಬಂತು. ಅವನದು ಜಪ್ಪಯ್ಯ ಅನ್ನಲಿಲ್ಲ. ಸಾಹೇಬರು ಕಾರಣ ಕೇಳಿದಾಗ ಅವನು ಎಣ್ಣೆಯ ಸುದ್ದಿಯನ್ನೇ ಎತ್ತಲಿಲ್ಲ.

“ಆ ಕಡೆ ಅಡಿಯಲ್ಲಿ ತೇವ ಇತ್ತೇನೋ ಸಾರ್,” ಎಂದುಬಿಟ್ಟ.

ಮೇಸ್ತ್ರಿಕೆ ಅವನಿಗೇ ಸಿಕ್ಕಿತು. ನನ್ನ ಪಾಲನ್ನೂ ಅವನೇ ಕೆರೆದು, ತೊಳೆದು ಸರಿಮಾಡಿದ. ಕೆಲಸ ಕೈತಪ್ಪಿದ್ದನ್ನು ಹೇಗೋ ತಡೆದುಕೊಂಡೆ. ಅವನ ಒಳ್ಳೆಯತನವನ್ನು ತಡೆದುಕೊಳ್ಳಲಾಗಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕು ಮಾತಾಡಿಸಲು ಬಂದರೆ ಮುಖ ತಿರುಗಿಸುತ್ತಿದ್ದೆ. ಆಮೇಲೆ ಅವನೂ ಬರುವುದನ್ನು ಬಿಟ್ಟ...

ಅವನು ತೀರಿಕೊಂಡು ಎರಡು ವರ್ಷವಾಯಿತಂತೆ. ನನಗೆ ತಿಳಿದದ್ದು ಈಚೆಗೆ, ಮಣ್ಣಿಗೂ ಹೋಗಲಾಗಲಿಲ್ಲ. ಸುದ್ದಿ ತಂದವನು ಅವನನ್ನು ಹೊಗಳಿದ್ದೇ ಹೊಗಳಿದ್ದು. ಎರಡು ಮಾತು ಬೈದಾದರೂ ಮನಸ್ಸು ಹಗುರ ಮಾಡಿಕೊಳ್ಳೋಣವೆಂದು ಇಡೀ ರಾತ್ರಿ ಹುಡುಕಿದೆ. ಪುಣ್ಯಾತ್ಮ, ನನಗೆಂದು ಒಂದು ತಪ್ಪನ್ನೂ ಬಿಟ್ಟುಹೋಗಿಲ್ಲ.