ಆಮೆಮಣೆಗೆ ಬಂದ ಗಿಣಿಯ ಕೊಕ್ಕು

ಹೊಸಹೊಳಲಿನ ಮರಗೆಲಸದ ಕೃಷ್ಣಮೂರ್ತಿಯವರು ಮಾಡಿಕೊಟ್ಟ ತೊಟ್ಟಿಲನ್ನು ಯಾರ ಮನೆಯಲ್ಲಿದ್ದರೂ ಗುರುತಿಸಬಹುದು: ಮೂಲೆಮೂಲೆಗೂ ಗಿಣಿ. ಅವರ ತಂದೆ ಕೆತ್ತುತ್ತಿದ್ದುದೂ ಅದೇ ಗಿಣಿ. ಕೊಕ್ಕಿನ ಬಾಗಿಗೆ ಅವರು ಗೆರೆ ಎಳೆದುಕೊಳ್ಳುವುದಿಲ್ಲ. ಉಳಿ ತಾನಾಗಿ ತಿರುಗುತ್ತದೆ.

ಕಳೆದ ಕಾರ್ತೀಕದಲ್ಲಿ ನಾಗಮಂಗಲದ ಅರ್ಚಕ ನಂಜುಂಡಯ್ಯನವರು ಜಪಕ್ಕೆ ಕೂರಲು ಆಮೆಮಣೆಯೊಂದನ್ನು ಕೇಳಿದ್ದರು. ಮುಂದೆ ತಲೆ, ಬದಿಗೆ ಕಾಲುಗಳು, ಕೂರುವುದು ಬೆನ್ನಿನ ಮೇಲೆ. ಹಲಸಿನ ಹಲಗೆಯಲ್ಲಿ ಮುಗಿಸಿ ಬಟ್ಟೆ ಸುತ್ತಿಟ್ಟಿದ್ದ ಮಣೆಯನ್ನು ಒಯ್ಯಲು ಬಂದ ಅರ್ಚಕರು ಬಿಚ್ಚಿ ನೋಡಿ ನಕ್ಕುಬಿಟ್ಟರು.

"ಏನ್ ಆಚಾರ್ರೇ, ಆಮೆಗೆ ಗಿಣಿ ಮೂತಿ ಇಟ್ಟಿದ್ದೀರಲ್ಲ? ಜಪಕ್ಕೆ ಕೂತಾಗ ಇದಕ್ಕೂ ಒಂದು ಸೀಬೆಹಣ್ಣು ಕೊಡಬೇಕಾ?"

ತಿದ್ದಿಕೊಡಿ, ಅವಸರವಿಲ್ಲ ಎಂದು ಅವರು ಹೊರಟುಹೋದರು. ಕೃಷ್ಣಮೂರ್ತಿ ನಗಲಿಲ್ಲ. ಅವರು ಮೊಂಡು ಬಾಯಿಯನ್ನೇ ಕೆತ್ತಿದೆನೆಂದು ನಂಬಿದ್ದರು. ಕೆತ್ತುತ್ತಿದ್ದ ಮಧ್ಯಾಹ್ನ ರೇಡಿಯೊದಲ್ಲಿ ಏನು ಬರುತ್ತಿತ್ತೆಂಬುದು ನೆನಪಿತ್ತು. ಕೊಕ್ಕು ಕೆತ್ತಿದ್ದು ನೆನಪಿರಲಿಲ್ಲ.

ಸಂಜೆ ಮಗಳು ಭೂಮಿಕ ಬಂದಳು. ಕೆ.ಆರ್. ಪೇಟೆಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವವಳು. ಮಣೆಯನ್ನು ತಿರುಗಿಸಿ ನೋಡಿ, ಫೋನಿನಲ್ಲಿ ಒಂದು ಚಿತ್ರ ಹುಡುಕಿ ತೋರಿಸಿದಳು: ಕಡಲಾಮೆ, ಮೂತಿ ಅಪ್ಪಟ ಗಿಣಿಯದು.

"ಅಯ್ಯನೋರ್ಗೆ ಇದುನ್ನ ತೋರ್ಸಪ್ಪ. ತೆಪ್ಪಗೆ ತಗೊಂಡೋಗ್ತಾರೆ."

"ನಾನು ಸಮುದ್ರನೇ ಕಂಡಿಲ್ಲ ಕಣವ್ವ. ಮಾಡಾಕೋದದ್ದು ಕೆರೆ ಆಮೆ."

ಚಿತ್ರವನ್ನು ಬಹಳ ಹೊತ್ತು ನೋಡಿದ ಮೇಲೆ, ಗಿಣಿಯೂ ಆಮೆಯೂ ನೆಂಟರೇ ಎಂದು ಕೇಳಿದರು. ಭೂಮಿಕ ವಿವರಿಸಿದಳು. ಎರಡಕ್ಕೂ ಹಲ್ಲಿಲ್ಲ, ಎರಡರ ಕೊಕ್ಕಿಗೂ ಕೊಂಬಿನಂಥ ಗಟ್ಟಿ ಕವಚವಿದೆ. ಆದರೆ ಗಿಣಿಯ ಮೇಲ್ಕೊಕ್ಕು ಕೀಲಿಟ್ಟ ಬಾಗಿಲಿನಂತೆ ಅಲುಗಿ ಕಾಳು ಒಡೆಯುತ್ತದೆ. ಈ ಕಡಲಾಮೆಯದು ತಲೆಬುರುಡೆಗೆ ಬೆಸೆದುಕೊಂಡಿದ್ದು, ಬಂಡೆಯ ಸಂದಿಗೆ ತೂರಿ ಆಹಾರವನ್ನು ಕೀಳುತ್ತದೆ. ಕೊಕ್ಕು ಗಿಣಿಗೆ ಬಂದ ದಾರಿಯೇ ಬೇರೆ, ಆಮೆಗೆ ಬಂದ ದಾರಿಯೇ ಬೇರೆ; ನೆಂಟಸ್ತಿಕೆಯಿಂದ ಬಂದದ್ದಲ್ಲ.

ಕೃಷ್ಣಮೂರ್ತಿ ಕೈಗಳನ್ನು ಮೊಣಕಾಲಿನ ಮೇಲಿಟ್ಟುಕೊಂಡು, ಬೇರೆ ಯಾರವೋ ಎಂಬಂತೆ ಅವನ್ನು ನೋಡುತ್ತಿದ್ದರು.

"ಅಪ್ಪಂಗೂ ಇಂಗೇ ಶುರುವಾಗಿದ್ದು."

ಮಗಳಿಗೆ ಅರ್ಥವಾಯಿತು. ತಾತ ಕೊನೆಗಾಲದಲ್ಲಿ ಒನಕೆಗೂ ಗಿಣಿ, ಕುಂಟೆಯ ಹಿಡಿಗೂ ಗಿಣಿ ಕೆತ್ತಿದ್ದರು. ಊರು ಅದನ್ನು ಖಯಾಲಿ ಎಂದಿತ್ತು. ಆಮೇಲೆ ಅವರು ಮಗನ ಹೆಸರನ್ನು ಮರೆತರು.

"ಮೂತಿ ಒಂದೇ ತರ ಐತೆ ಅಂತ ಗಿಣಿನೂ ಆಮೆನೂ ಒಂದಾಗ್ಬುಡ್ತವಾ? ನಿಂಗೂ ತಾತಂದೇ ಅಂತ ಯಾಕ್ ಅಂದ್ಕೊತೀಯ?"

ತರ್ಕ ಸರಿಯಾಗಿತ್ತು. ಆದರೆ ಇದು ತಾತನ ಕಾಯಿಲೆಯಲ್ಲ ಎಂಬುದನ್ನೂ ಆ ತರ್ಕ ಸಾಬೀತು ಮಾಡುತ್ತಿರಲಿಲ್ಲ. ಡಾಕ್ಟರಿಗೆ ತೋರಿಸೋಣ ಎಂದು ಮಗಳು ಹೇಳಿದಾಗ, ಅವರು ಮೊದಲು ಇನ್ನೊಂದು ಮಣೆ ಮಾಡುತ್ತೇನೆ ಎಂದರು.

ಹೊಸ ಹಲಗೆಯ ಮುಂದೆ ಕೂತಾಗ ರೇಡಿಯೊ ಹಾಕಲಿಲ್ಲ. ತಲೆಯ ಭಾಗ ಬಂದಾಗ ಹೆಂಡತಿ ಸುಬ್ಬಮ್ಮನನ್ನು ಕರೆದು ಎದುರಿಗೆ ಕೂರಿಸಿಕೊಂಡರು. ಉಳಿ ಗಿಣಿಯ ಕೊಕ್ಕಿನತ್ತ ತಿರುಗಿದರೆ ತಡೆಯಬೇಕೆಂದರು. ಸುಬ್ಬಮ್ಮ ಅವರೆಕಾಯಿಯ ಮೊರದೊಂದಿಗೆ ಬಂದು ಕೂತರು.

"ನಿಮ್ ಕೈಯೇನು ಎಮ್ಮೆಯಾ, ಕಾಯ್ಕೊಂಡ್ ಕೂರಾಕೆ?"

ಮರದ ಕೊಡತಿಯ ಏಟು ಉಳಿಯ ಮೇಲೆ ನಿಧಾನವಾಗಿ ಬೀಳುತ್ತಿತ್ತು. ಒಂದು ಕಡೆ ಉಳಿ ಸದ್ದಿಲ್ಲದೆ ಓರೆಯಾಯಿತು. ಸುಬ್ಬಮ್ಮ ಬಾಯಿ ತೆರೆಯುವಷ್ಟರಲ್ಲಿ ಕೃಷ್ಣಮೂರ್ತಿಯೇ ಕೊಡತಿಯನ್ನು ಕೆಳಗಿಟ್ಟಿದ್ದರು.

"ತಿರುಗ್ತು, ಕಂಡ್ಯಾ?"

"ಕಂಡೆ. ನನಗಿಂತ ಮೊದ್ಲು ನೀವು ಕಂಡ್ರಿ."

ಅವರು ಪೆನ್ಸಿಲ್ ಹುಡುಕಿ, ಜೀವಮಾನದಲ್ಲಿ ಮೊದಲ ಬಾರಿಗೆ ಬಾಯಿಯ ಜಾಗಕ್ಕೆ ಗೆರೆ ಎಳೆದುಕೊಂಡರು. ಮತ್ತೆ ಉಳಿ ಹಿಡಿದರು. ಸುಬ್ಬಮ್ಮ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿ ನೋಡುತ್ತಾ ಕೂತರು.