ಕೊನೇ ಸೀಟು

ಬಸ್ಸಿನಿಂದ ಇಳಿದು ಎಷ್ಟೋ ವರ್ಷವಾದರೂ ಕಂಡಕ್ಟರಿಕೆ ಮಾತ್ರ ಆ ಮನುಷ್ಯರಿಂದ ಇಳಿದಿರಲಿಲ್ಲ. ಮನೆಯೊಳಗೆ ನಡೆಯುವಾಗಲೂ ಗೋಡೆಗೆ ಭುಜ ಆನಿಸಿಯೇ ನಡೆಯುವರು, ಮುಂದೆ ತಿರುವು ಬಂದರೆ ವಾಲಿಬಿಡುತ್ತೇನೋ ಎಂಬಂತೆ. ಯಾರಾದರೂ ಹೊಸ್ತಿಲಲ್ಲಿ ನಿಂತು ಮಾತಾಡಿದರೆ ‘ಒಳಗೆ ಹೋಗಿ, ಒಳಗೆ ಖಾಲಿ ಇದೆ’ ಎಂದು ಗದರುವರು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ. ಇದು ಹುಟ್ಟುಗುಣವೂ ಅಲ್ಲ, ಕೆಲಸದಿಂದ ಅಂಟಿದ್ದು. ಆದರೂ ಹೋಗಲಿಲ್ಲ ನೋಡಿ.

ಅವರಿಗೊಂದು ಹಟವಿತ್ತು. ದೂರದ ಬಸ್ಸು ಚಹಾಕ್ಕೆಂದು ನಿಂತು ಹೊರಡುವಾಗ ಒಬ್ಬ ಪ್ರಯಾಣಿಕ ಕಡಿಮೆಯಿದ್ದರೂ ಅವರ ಬಾಯಿಂದ ‘ರೈಟ್’ ಹೊರಡುತ್ತಿರಲಿಲ್ಲ. ಡ್ರೈವರು ಹಾರ್ನು ಒತ್ತಿ ಒತ್ತಿ ಸಾಯಲಿ, ಮುಂದೆ ಕೂತ ದೊಡ್ಡ ಮನುಷ್ಯರು ಗಡಿಯಾರ ತೋರಿಸಿ ರೇಗಲಿ, ಇವರು ಕೆಳಗಿಳಿದು ಅಂಗಡಿ ಸಾಲು, ಮರದ ಮರೆ ಎಲ್ಲ ಹುಡುಕಿ, ಆ ಪುಣ್ಯಾತ್ಮನ ತೋಳು ಹಿಡಿದು ಹತ್ತಿಸಿಯೇ ಬರುವರು. ಹೆಸರು ಯಾರಿಗೆ ಗೊತ್ತು? ಎಲ್ಲ ಸೀಟಿನ ಲೆಕ್ಕ. ಬಾಗಿಲ ಸೀಟು ಬಂತಾ, ಡ್ರೈವರ್ ಹಿಂದಿನ ಸೀಟು ಬಂತಾ ಎಂದು ಕೂಗುವುದು, ಕೂತವರು ‘ಇದೀನಿ’ ಎನ್ನುವುದು.

ಆ ಪದ್ಧತಿಯನ್ನು ಮನೆಗೂ ತಂದುಬಿಟ್ಟರು. ಹೆಂಡತಿ ‘ಮುಂದಿನ ಸೀಟು’. ಕಿಟಕಿಗಾಗಿ ಜಗಳ ತೆಗೆಯುತ್ತಿದ್ದ ಮಗಳು ‘ಕಿಟಕಿ’. ಹಳ್ಳ ಬಂದಾಗಲೆಲ್ಲ ಮೇಲಕ್ಕೆ ಹಾರಿ ಕೂರುವ ಖುಷಿಗೆ ಹಿಂದೆ ಓಡುತ್ತಿದ್ದ ಮಗ ‘ಕೊನೇ ಸೀಟು’. ಮುಂದೆ ಅಳಿಯ ಬಂದಾಗ, ಸೀಟೆಲ್ಲ ಭರ್ತಿಯಾದ ಮೇಲೆ ಹತ್ತಿದವನೆಂದು ಅವನಿಗೆ ‘ಸ್ಟ್ಯಾಂಡಿಂಗ್’ ಎಂದು ಹೆಸರಿಟ್ಟರು. ಮೊಮ್ಮಗಳು ಹುಟ್ಟಿದಳು, ಅವಳು ‘ಹಾಫ್ ಟಿಕೆಟ್’. ಮೊದಮೊದಲು ಮುಖ ಊದಿಸಿಕೊಂಡಿದ್ದ ಅಳಿಯನೂ ಆಮೇಲೆ ಕರೆದ ಕೂಡಲೇ ‘ಇದೀನಿ ಮಾವ’ ಎನ್ನುವುದನ್ನು ಕಲಿತ.

ಪ್ರತಿ ಬೇಸಿಗೆಗೆ ಸಮುದ್ರದ ಪಕ್ಕ ಒಂದು ಬಂಗಲೆ ಬಾಡಿಗೆಗೆ ಹಿಡಿಯುವುದು ಆ ಮನೆಯ ಒಂದೇ ಒಂದು ಶೋಕಿ. ಉಪ್ಪುಗಾಳಿಗೆ ಕಿಟಕಿಯ ಕೀಲುಗಳೆಲ್ಲ ತುಕ್ಕು ಹಿಡಿದ ಹಳೆಯ ಕಟ್ಟಡ ಅದು. ಮುಂದೆ ಜಗಲಿ, ಜಗಲಿಯಿಂದ ಮರಳಿಗೆ ಮೆಟ್ಟಿಲು, ಒಳಗೆ ಹಜಾರ, ಹಜಾರದಿಂದ ಹಿಂದಕ್ಕೆ ಉದ್ದನೆಯ ಓಣಿ, ಓಣಿಯ ಕೊನೆಗೆ ಮೈಗಂಟಿದ ಮರಳು ತೊಳೆಯುವ ಬಚ್ಚಲು. ಸಂಜೆ ನೀರಿನಿಂದ ಎದ್ದವರು ಮನೆ ಸುತ್ತಿ ಹಿತ್ತಲಿನಿಂದ ಬಚ್ಚಲಿಗೆ ಹೋಗಿ ತೊಳೆದುಕೊಂಡು ಒಳಗೆ ಬರುವರು. ಕಂಡಕ್ಟರು ಜಗಲಿಯ ಬೆತ್ತದ ಕುರ್ಚಿಯಲ್ಲಿ ಸಮುದ್ರಕ್ಕೆ ಮುಖ ಮಾಡಿ ಕೂತು ಒಂದೊಂದೇ ಸೀಟು ಕರೆಯುವರು. ತಿರುಗಿ ನೋಡುವ ಪದ್ಧತಿಯಿಲ್ಲ, ದನಿಯೇ ಲೆಕ್ಕ. ಎಲ್ಲ ಸೀಟೂ ‘ಇದೀನಿ’ ಎಂದ ಮೇಲೆ ‘ರೈಟ್’. ಆಮೇಲೆ ಊಟ.

ಅಕ್ಕ ತಮ್ಮ ಇಬ್ಬರೂ ಕಳ್ಳರೇ. ಒಬ್ಬರು ತಡ ಮಾಡಿದರೆ ಇನ್ನೊಬ್ಬರು ಬಾಯಿಗೆ ಟವೆಲ್ಲು ಒತ್ತಿಕೊಂಡು ಅವರ ದನಿಯಲ್ಲಿ ಉತ್ತರ ಕೊಡುವುದು. ಆಗಷ್ಟೇ ಒಡೆಯುತ್ತಿದ್ದ ತಮ್ಮನ ಗಂಟಲನ್ನು ಅಕ್ಕ ಎಷ್ಟು ಚೆನ್ನಾಗಿ ಅಣಕಿಸುತ್ತಿದ್ದಳೆಂದರೆ ತಾಯಿಯೇ ಮೋಸಹೋಗುತ್ತಿದ್ದಳು. ಒಂದು ಸಂಜೆ ಹೀಗೇ ಆಯಿತು. ತಮ್ಮ ಇನ್ನೂ ನೀರಿನಲ್ಲಿದ್ದ. ಬೈಸಿಕೊಳ್ಳದಿರಲಿ ಪಾಪ ಎಂದು ಅವಳು ಬಚ್ಚಲಿನಿಂದ ‘ಇದೀನಿ’ ಎಂದಳು. ಅಪ್ಪ ‘ರೈಟ್’ ಎಂದರು. ಎಲ್ಲರೂ ಊಟಕ್ಕೆ ಕೂತರು. ಅವನ ತಟ್ಟೆ ತಣ್ಣಗಾಗುವಷ್ಟರಲ್ಲಿ ಮುಗಿದುಹೋಗಿತ್ತು. ಸಮುದ್ರ ಅವನನ್ನು ಕೊಡಲೇ ಇಲ್ಲ, ಹೆಣವಾಗಿಯೂ ಕೊಡಲಿಲ್ಲ. ಆ ಸಂಜೆ ಉತ್ತರ ಕೊಟ್ಟದ್ದು ತಾನು ಎಂಬ ಮಾತನ್ನು ಅವಳು ಯಾರಿಗೂ ಹೇಳಲಿಲ್ಲ, ಆಮೇಲೆ ಕೈಹಿಡಿದ ಗಂಡನಿಗೂ ಹೇಳಲಿಲ್ಲ.

ಮರುವರ್ಷ ಬೇಸಿಗೆ ಬಂದಾಗ ಅಪ್ಪ ಅದೇ ಬಂಗಲೆಗೆ ಮುಂಗಡ ಕೊಟ್ಟು ಬಂದರು. ನೆಂಟರೆಲ್ಲ ಈ ಮನುಷ್ಯನಿಗೆ ತಲೆ ನೆಟ್ಟಗಿದೆಯಾ ಎಂದು ಆಡಿಕೊಂಡರು. ಅವರದು ಒಂದೇ ಮಾತು, ಒಬ್ಬ ಇಳಿದಿದ್ದಾನೆ, ಹತ್ತಿಲ್ಲ, ಬಿಟ್ಟು ಹೋಗೋದು ಹೇಗೆ. ಸಂಜೆ ಕೂತು ಕರೆದರು. ‘ಕೊನೇ ಸೀಟು?’ ಎಂದಾಗ ಸಮುದ್ರದ ಸದ್ದೊಂದೇ. ಅನ್ನ ನೀರಿಲ್ಲದೆ ಕುರ್ಚಿಯಲ್ಲೇ ಕೂತರು. ಮರುದಿನ ಸಂಜೆಯೂ ಅಷ್ಟೆ. ನೋಡಲಾರದೆ ಮಗಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು, ಟವೆಲ್ಲಿಗೆ ಬಾಯಿಟ್ಟು ‘ಇದೀನಿ’ ಎಂದಳು. ಅಪ್ಪ ‘ರೈಟ್’ ಎಂದು ಎದ್ದು ಬಂದು ಊಟ ಮಾಡಿದರು.

ಅಲ್ಲಿಂದ ಅದೇ ವಾಡಿಕೆಯಾಯಿತು. ತಾಯಿ ತೀರಿಕೊಂಡಾಗ ‘ಮುಂದಿನ ಸೀಟು’ ಎಂದು ಕರೆಯುವುದನ್ನು ಅಪ್ಪ ತಾವೇ ನಿಲ್ಲಿಸಿದರು. ಅವಳು ಇಳಿದದ್ದನ್ನು ಕಣ್ಣಾರೆ ನೋಡಿದೀನಿ ಎಂದರು. ಮಗನನ್ನು ಮಾತ್ರ ಕರೆಯುತ್ತಲೇ ಬಂದರು. ಮಗಳ ತಲೆಗೂದಲು ಬೆಳ್ಳಗಾಗುತ್ತಾ ಬಂತು, ಆದರೆ ಬಚ್ಚಲಿನಿಂದ ಬರುವ ದನಿ ಮಾತ್ರ ಅದೇ ಹುಡುಗನದು.

ಈ ವರ್ಷ ಬಂಗಲೆಯ ಮಾಲೀಕ ಫೋನು ಮಾಡಿ, ಇದೇ ಕೊನೆ, ಬೇಸಿಗೆ ಕಳೆದ ಮೇಲೆ ಕೆಡವಿಸುತ್ತೇನೆ ಎಂದ. ಕೇಳಿದ ಕಂಡಕ್ಟರು, ಹಾಗಾದ್ರೆ ಇನ್ನು ಕರೆಯೋದೆಲ್ಲಿ ಎಂದರು. ಮಗಳಿಗೆ ಚಿಂತೆ ಹತ್ತಿತು. ಅಪ್ಪನಿಗೆ ಹೃದಯದ ಕಾಯಿಲೆ, ಕಾಲಲ್ಲಿ ನೀರು. ಈ ಸಲ ಅಲ್ಲಿಂದ ಏಳದಿದ್ದರೆ? ಕೆಡವುವ ಮನೆಯ ಮೆಟ್ಟಿಲ ಮೇಲೆ ಕೂತುಬಿಟ್ಟರೆ? ಎಷ್ಟಾದರೂ ಹುಟ್ಟಿದ ಮನೆಯಲ್ಲಿ ಉಳಿದಿರುವವರು ಅಪ್ಪ ಒಬ್ಬರೇ. ಅವರನ್ನು ವಾಪಸು ಕರೆತಂದರೆ ಸಾಕೆನಿಸಿತು. ಮಗ ಬಂದಿದ್ದಾನೆಂದು ದಿನವೂ ಉತ್ತರ ಸಿಗುತ್ತಿದ್ದರೆ ಅವರು ಹೊರಡುವುದಾದರೂ ಯಾಕೆ? ಈ ಸಲ ಮೊದಲ ದಿನದಿಂದಲೇ ಉತ್ತರ ಕೊಡುವುದಿಲ್ಲ, ಅತ್ತು ಕರೆದು ಹಗುರಾಗಲಿ, ಹೊರಡುವ ಹೊತ್ತಿಗೆ ಮನಸ್ಸು ಗಟ್ಟಿಯಾದೀತು ಎಂದು ಅವಳು ನಿಶ್ಚಯಿಸಿದಳು. ನೀನೂ ಉತ್ತರ ಕೊಡಬೇಡ ಎಂದು ಗಂಡನಿಗೂ ತಾಕೀತು ಮಾಡಿದಳು.

ಮೊದಲ ಸಂಜೆ ಅವಳು ಬಚ್ಚಲ ಕಡೆ ತಲೆ ಹಾಕಲಿಲ್ಲ. ಹಜಾರದ ಬಾಗಿಲಲ್ಲಿ, ಅಪ್ಪನ ಬೆನ್ನ ಹಿಂದೆ ನಿಂತಳು. ಕಿಟಕಿ, ಸ್ಟ್ಯಾಂಡಿಂಗ್, ಹಾಫ್ ಟಿಕೆಟ್, ಮೂವರೂ ಉತ್ತರಿಸಿದರು. ‘ಕೊನೇ ಸೀಟು?’ ಎಂದರು ಅಪ್ಪ. ಅವಳು ಹಲ್ಲು ಕಚ್ಚಿಕೊಂಡಳು. ಹಿಂದೆ ಓಣಿಯ ಕೊನೆಯಲ್ಲಿ ನಲ್ಲಿ ತಿರುಗಿದ ಸದ್ದಾಯಿತು, ನೀರು ಬಿತ್ತು.

“ಇದೀನಿ.”

ಅಪ್ಪ ‘ರೈಟ್’ ಎಂದು ಮೊಣಕಾಲು ಹಿಡಿದುಕೊಂಡು ಎದ್ದರು. ಅವಳಿಗೆ ಗಂಡನ ಮೇಲೆ ಕೆಟ್ಟ ಕೋಪ ಬಂತು. ಅಷ್ಟು ಹೇಳಿದ್ದರೂ ಕರಗಿ ಉತ್ತರ ಕೊಟ್ಟನಲ್ಲ ಎಂದು ತಿರುಗಿದರೆ, ಗಂಡ ಪಕ್ಕದಲ್ಲೇ ಮಗುವಿನ ತಲೆ ಒರೆಸುತ್ತಾ ನಿಂತಿದ್ದ. ಅವನು, ಬೇಡ ಬೇಡ ಅಂತ ನೀನೇ ಹೇಳಿದ ಮೇಲೆ ಮತ್ತೆ ಯಾಕೆ ಕೂಗಿದೆ, ಎನ್ನಲು ಬಾಯಿ ತೆರೆದವನು ಅವಳ ಕೈಯಲ್ಲಿ ಟವೆಲ್ಲು ಇಲ್ಲದ್ದನ್ನು ಕಂಡು ಬಾಯಿ ಮುಚ್ಚಿದ. ಗಂಡ ಹೆಂಡತಿ ಇಬ್ಬರೂ ಬಚ್ಚಲಿಗೆ ಹೋಗಿ ನೋಡಿದರು. ಯಾರೂ ಇಲ್ಲ. ನಲ್ಲಿ ಸುರಿಯುತ್ತಿತ್ತು, ನಿಲ್ಲಿಸಿ ಬಂದರು. ಬಂಗಲೆ ಗುಡಿಸುವ ಹೆಂಗಸು ಮಧ್ಯಾಹ್ನವೇ ಮನೆಗೆ ಹೋಗಿದ್ದಳು.

ಮರುಸಂಜೆ ಅವಳು ಬಚ್ಚಲಿಗೆ ಬೀಗ ಹಾಕಿ ಕೀಲಿಯನ್ನು ಅಂಗೈಯಲ್ಲಿ ಹಿಡಿದುಕೊಂಡೇ ನಿಂತಳು. ಗಂಡನನ್ನೂ ಮಗುವನ್ನೂ ಕಣ್ಣೆದುರು ನಿಲ್ಲಿಸಿಕೊಂಡಳು. ಉತ್ತರ ಬಂತು. ಬಚ್ಚಲಿನಿಂದಲ್ಲ, ಓಣಿಯಿಂದ. ಭಯಕ್ಕಿಂತ ಹೆಚ್ಚಾಗಿ ಅವಳನ್ನು ಅಲ್ಲಾಡಿಸಿದ್ದು ಇನ್ನೊಂದು. ಅವಳು ಇಷ್ಟು ವರ್ಷ ಅಣಕಿಸುತ್ತಿದ್ದದ್ದು ಒಡೆದ ಗಂಟಲಿನ ಹುಡುಗನನ್ನು. ಈ ದನಿಗೆ ವಯಸ್ಸಾಗಿತ್ತು. ಅಪ್ಪನ ಗಂಟಲಿನಲ್ಲಿರುವ ಗೊಗ್ಗರೇ ಇದರಲ್ಲೂ ಇತ್ತು. ಅವನು ಬದುಕಿದ್ದರೆ ಈಗ ಎಷ್ಟಾಗುತ್ತಿತ್ತೋ ಅಷ್ಟೇ ವಯಸ್ಸು. ಅಲ್ಲೆಲ್ಲೋ ಅವನೂ ಇವರ ಜೊತೆಜೊತೆಗೇ ಬೆಳೆದು, ಮಾಗಿ, ದಣಿದು ಬಂದ ಹಾಗಿತ್ತು.

ಆ ರಾತ್ರಿ ಸ್ಟ್ಯಾಂಡಿಂಗ್ ಎಂಬ ಹೆಸರನ್ನು ಅಳಿಯ ನಿಜ ಮಾಡಿದ, ಮಲಗಲೇ ಇಲ್ಲ. ಬೆಳಗಾಗುತ್ತಲೇ ಗಂಟುಮೂಟೆ ಕಟ್ಟೋಣ ಎಂದ. ಅಪ್ಪ ಏಳಬೇಕಲ್ಲ ಎಂದಳು ಅವಳು. ಅಪ್ಪನೋ, ಹಿಂದೆಂದೂ ಇಲ್ಲದಷ್ಟು ಚೆನ್ನಾಗಿದ್ದರು. ಎರಡು ಸಲ ಬಡಿಸಿಕೊಂಡು ಊಟ ಮಾಡಿದರು, ಮೊಮ್ಮಗಳಿಗೆ ಕಾಗದದ ಚೂರಿನಲ್ಲಿ ಟಿಕೆಟ್ ಹರಿದುಕೊಟ್ಟರು. ಹಾಫ್ ಟಿಕೆಟ್ಟಿಗೆ ಇದರಲ್ಲಿ ಹೆದರುವಂಥದ್ದೇನೂ ಕಾಣಲಿಲ್ಲ. ಓಣಿಯಲ್ಲಿರೋ ಮಾಮ ಯಾಕೆ ಊಟಕ್ಕೆ ಬರಲ್ಲ ಎಂದು ಅಮ್ಮನನ್ನು ಕೇಳಿತು. ಅವಳು ತನ್ನ ತಟ್ಟೆ ಎತ್ತಿಕೊಂಡು ಎದ್ದುಬಿಟ್ಟಳು.

ಕೊನೆಯ ಸಂಜೆ ಅಪ್ಪ ಕರೆದಾಗ ಉತ್ತರ ಹಜಾರದಿಂದಲೇ ಬಂತು, ಅವಳ ಬೆನ್ನಿಗೆ ತಾಗಿದಷ್ಟು ಹತ್ತಿರದಿಂದ. ಕುತ್ತಿಗೆಗೆ ತಣ್ಣಗೆ ಉಸಿರು ಸೋಕಿತು. ತಿರುಗಿ ನೋಡಲು ಅವಳಿಗೆ ಧೈರ್ಯ ಸಾಲಲಿಲ್ಲ. ತಿರುಗಬೇಕು ಎಂದು ಒಡಲು ಕೂಗುತ್ತಿತ್ತು, ಒಡಹುಟ್ಟಿದವನಲ್ಲವೇ.

ಬೆಳಿಗ್ಗೆ ವ್ಯಾನು ಬಂತು. ಅಳಿಯ ಪೆಟ್ಟಿಗೆಗಳನ್ನೆಲ್ಲ ಎತ್ತಿ ಹಾಕಿದ, ಮಗುವನ್ನು ಕೂರಿಸಿದ. ಕಂಡಕ್ಟರು ಬೆತ್ತದ ಕುರ್ಚಿ ಬಿಟ್ಟು ಏಳಲಿಲ್ಲ. ಮಗಳು ಅವರ ಕಾಲ ಬಳಿ ಮೆಟ್ಟಿಲ ಮೇಲೆ ಕೂತಳು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಇದ್ದದ್ದನ್ನು ಹೇಳಿಯಾದರೂ ಎಬ್ಬಿಸಬೇಕು ಎನಿಸಿತು.

“ಅಪ್ಪ, ಇಷ್ಟು ವರ್ಷ ಬಚ್ಚಲಿಂದ ಉತ್ತರ ಕೊಡ್ತಿದ್ದಿದ್ದು ನಾನು.”

“ಗೊತ್ತು ಕಣಮ್ಮ.”

ಅವಳು ತಲೆಯೆತ್ತಿದಳು. ಅಪ್ಪ ಸಮುದ್ರವನ್ನೇ ನೋಡುತ್ತಿದ್ದರು.

“ಬಸ್ಸು ತುಂಬ ಜನ ಇದ್ರೂ ಟಿಕೆಟ್ ತಗೊಳ್ದೋನ ಮುಖ ನೋಡಿ ಹಿಡೀತಿದ್ದೆ. ನನ್ನ ಮಗಳ ದನಿ ಗೊತ್ತಾಗಲ್ವಾ? ಅವತ್ತೂ ಗೊತ್ತಾಗಿತ್ತು. ನೀನೇ ಕೂಗಿದ್ದು ಅಂತ ಗೊತ್ತಿದ್ದೂ ರೈಟ್ ಅಂದೆ. ಹಸಿವಾಗಿತ್ತು. ಮಕ್ಕಳ ಆಟ, ಹಿಂದೇನೇ ಬರ್ತಾನೆ ಬಿಡು ಅಂದ್ಕೊಂಡೆ. ರೈಟ್ ಹೇಳೋನು ನಾನು, ನೀನಲ್ಲ. ತಪ್ಪು ನಂದು.”

ಅವಳಿಗೆ ಅಳು ಒತ್ತರಿಸಿ ಬಂತು. ಇಷ್ಟು ವರ್ಷ ಎದೆಯ ಮೇಲೆ ಹೊತ್ತ ಕಲ್ಲನ್ನು ಈ ಮುದುಕರು ಇನ್ನೊಂದು ತುದಿಯಲ್ಲಿ ಹೊತ್ತಿದ್ದರೆಂದು ತಿಳಿಯಲೇ ಇಲ್ಲವಲ್ಲ. ಮತ್ತೆ ಯಾಕೆ ವರ್ಷಾವರ್ಷ ಕರೆಯುತ್ತಿದ್ದಿರಿ ಎಂದು ಕೇಳಿದಳು.

“ಅವನು ಹೋದಾಗ ನೀನು ಒಂದು ಹನಿ ಕಣ್ಣೀರು ಹಾಕ್ಲಿಲ್ಲ. ಮರುವರ್ಷ ಬಚ್ಚಲಿಂದ ಬಂದಾಗ ಕಣ್ಣು ಕೆಂಪಗಿತ್ತು. ಓ, ಇವಳಿಗೆ ಅಳೋಕೆ ಇದೊಂದೇ ಜಾಗ ಅಂತ ತಿಳ್ಕೊಂಡೆ. ನಾನು ಕರೆಯೋದು ನಿಲ್ಲಿಸಿದ್ರೆ ನಿನ್ನ ಗತಿ ಏನು? ಈ ಮನೆ ಹೋದ್ಮೇಲೆ ಎಲ್ಲಿ ಕರೀಲಿ ಅನ್ನೋದೇ ಯೋಚನೆಯಾಗಿತ್ತು.” ಅವರು ಮಗಳ ತಲೆಯ ಮೇಲೆ ಕೈಯಿಟ್ಟರು. “ಈ ಸಲ ದೊಡ್ಡವನ ದನಿ ಮಾಡಿದೀಯ. ಬದುಕಿದ್ದಿದ್ರೆ ಹಿಂಗೇ ಇರ್ತಿತ್ತೇನೋ. ಅವನನ್ನ ದೊಡ್ಡವನು ಮಾಡಿ ಕಳಿಸ್ಕೊಡ್ತಿದೀಯ ಅಂತ ಸಮಾಧಾನ ಆಯ್ತು. ಸಾಕು ಮಗಳೇ. ಇನ್ಮೇಲೆ ಕರೆಯಲ್ಲ. ನಡಿ ಹೋಗೋಣ.”

ಎದ್ದವರು ಒಂದು ಗಳಿಗೆ ನಿಂತರು. ಏನೋ ಹೊಳೆದವರಂತೆ ಅವಳ ಮುಖವನ್ನೇ ದಿಟ್ಟಿಸಿದರು, ಟಿಕೆಟ್ ಇಲ್ಲದವನನ್ನು ಹಿಡಿಯುವಾಗಿನ ಅದೇ ನೋಟ.

“ಈ ಸಲಾನೂ ನೀನೇ ತಾನೇ?”

ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅಲ್ಲ ಎಂದರೆ ಮುಗಿಯಿತು. ಈ ಅಪ್ಪ ಆ ಕುರ್ಚಿಯಿಂದ ಸತ್ತರೂ ಏಳರು. ಇಲ್ಲಾ, ನೆಟ್ಟಗೆ ನೀರಿಗೇ ನಡೆದಾರು, ಮಗನ ತೋಳು ಹಿಡಿದು ಹತ್ತಿಸಲಿಕ್ಕೆ. ಹೌದೆಂದರೆ, ಬೆನ್ನಿಗೆ ಬಂದು ನಿಂತವನನ್ನು ಇಲ್ಲವೆಂದ ಹಾಗೆ. ಅವಳು ಅಪ್ಪನ ಊದಿದ ಪಾದಗಳನ್ನು ನೋಡಿದಳು.

“ಹೂಂ ಅಪ್ಪ. ನಾನೇ.”

ಅವರು ಅವಳ ಭುಜ ಹಿಡಿದುಕೊಂಡು ಮೆಟ್ಟಿಲಿಳಿದು ವ್ಯಾನಿನಲ್ಲಿ ಮುಂದೆ ಕೂತರು. ಕಿಟಕಿ, ಸ್ಟ್ಯಾಂಡಿಂಗ್, ಹಾಫ್ ಟಿಕೆಟ್ ಎಂದು ಕರೆದರು, ಮೂವರೂ ಉತ್ತರಿಸಿದರು. ಅಲ್ಲಿಗೇ ನಿಲ್ಲಿಸಿ, ಕಣ್ಣುಮುಚ್ಚಿ, ‘ರೈಟ್’ ಎಂದರು. ವ್ಯಾನು ಹೊರಟಿತು.

ಗೇಟು ದಾಟುವಾಗ ಜಗಲಿಯ ಕಡೆಯಿಂದ ಆ ದನಿ ಬಂತು, ಯಾರೂ ಕರೆಯದೆಯೇ. ಇದೀನಿ. ಸ್ವಲ್ಪ ಹೊತ್ತಿಗೆ ಮತ್ತೆ, ಓಡುತ್ತಾ ಬರುವವನು ಏದುಸಿರಿನಲ್ಲಿ ಕೂಗಿದ ಹಾಗೆ, ಇದೀನಿ, ಇದೀನಿ. ಅಳಿಯ ತಲೆ ತಗ್ಗಿಸಿದ. ಹಾಫ್ ಟಿಕೆಟ್ ತಿರುಗಿ ನೋಡಿ ಏನೋ ಹೇಳಲು ಬಾಯಿ ತೆರೆಯಿತು, ಅವಳು ಅದರ ಬಾಯಿಯನ್ನು ಅಂಗೈಯಲ್ಲಿ ಮುಚ್ಚಿದಳು.

“ಯಾರೋ ಕೂಗಿದ ಹಾಗಾಯ್ತಲ್ಲ?” ಎಂದರು ಅಪ್ಪ.

“ಯಾರೂ ಇಲ್ಲಪ್ಪ,” ಎಂದು ಅವಳು ಕಿಟಕಿಯ ಗಾಜು ಏರಿಸಿದಳು.