ಬಣ್ಣದ ಪೆಟ್ಟಿಗೆಯೊಳಗಿನ ಸುಣ್ಣದ ಡಬ್ಬಿ

ನಿಮ್ಮ ತಾತನ ಬಣ್ಣದ ಪೆಟ್ಟಿಗೆ ತೆಗೆದಾಗಲೆಲ್ಲ ನೀವು ಕೇಳುತ್ತೀರಿ, ಇದರೊಳಗೆ ಸುಣ್ಣದ ಡಬ್ಬಿ ಯಾಕಜ್ಜಿ, ನೀನು ಎಲೆಯಡಿಕೆ ಹಾಕುವವಳಲ್ಲವಲ್ಲ ಎಂದು. ಎದುರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ತಾತ ಕೋಲಾರದಲ್ಲಿ ಚಿತ್ರ ಬರೆದು ಸಂಸಾರ ನಡೆಸಿದವರು. ಶಾಲೆಯ ಗೋಡೆಗೆ ಹಾಕುವ ರೇಷ್ಮೆ ಹುಳುವಿನ ಪಟ, ಬೀಜದ ಪೊಟ್ಟಣದ ಮೇಲಿನ ಬದನೆಕಾಯಿ, ಎಲ್ಲವೂ ನೀರುಬಣ್ಣದಲ್ಲಿ. ಮಾಸ್ತಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದ ನಾನು ಮೊದಲು ಕಲಿತದ್ದು ಅವರ ಸಾಮಾನು ನೋಡಿಕೊಳ್ಳುವುದನ್ನು. ಕಾಗದವನ್ನು ನೆನೆಸಿ ಹಲಗೆಯ ಮೇಲೆ ಹಾಸಿ, ಅಂಚು ಅಂಟಿಕೊಳ್ಳಲು ಮೈದಾ ಸರಿ ಹಚ್ಚಬೇಕು. ಒಣಗಿದಾಗ ತಮಟೆಯ ಹಾಗೆ ಬಿಗಿದು ನಿಲ್ಲಬೇಕು. ಅಳಿಲಿನ ಕೂದಲ ಕುಂಚಗಳನ್ನು ಸೀಗೆಕಾಯಿ ನೀರಿನಲ್ಲಿ ತೊಳೆದು, ತುದಿಯನ್ನು ತುಟಿಯಲ್ಲಿ ಚೂಪು ಮಾಡಿ, ಲೋಟದಲ್ಲಿ ತಲೆ ಮೇಲಾಗಿ ನಿಲ್ಲಿಸಬೇಕು. ನೀರಿನ ಬಟ್ಟಲು ಎರಡು, ಒಂದು ಕುಂಚ ತೊಳೆಯಲು, ಇನ್ನೊಂದು ಬಣ್ಣಕ್ಕೆ. ಅದಲುಬದಲಾದರೆ ಬೈಗುಳ ತಪ್ಪುತ್ತಿರಲಿಲ್ಲ.

ಪೆಟ್ಟಿಗೆಯನ್ನು ಮಾತ್ರ ಅವರು ಯಾರಿಗೂ ಕೊಡುತ್ತಿರಲಿಲ್ಲ. ಹೊರಗೆ ಕಪ್ಪು, ಒಳಗೆ ಬಿಳಿ ತಗಡು. ಗುಳಿಗಳಲ್ಲಿ ಕೂತಿದ್ದ ವಿಲಾಯಿತಿ ಬಣ್ಣದ ಬಿಲ್ಲೆಗಳು. ಬೂಸ್ಟು ಹಿಡಿಯದಿರಲೆಂದು ಅವಕ್ಕೆ ಲವಂಗದ ಎಣ್ಣೆ ಸವರುತ್ತಿದ್ದರು. ಮುಚ್ಚಳ ತೆಗೆದರೆ ಮನೆಯೆಲ್ಲ ಲವಂಗ.

ಉಳಿದ ಕಾಗದದ ಚೂರುಗಳ ಮೇಲೆ ನಾನು ಎಲೆ, ಕಾಯಿ ಬರೆಯುತ್ತಿದ್ದುದನ್ನು ಅವರು ಒಂದು ದಿನ ಕಂಡರು. ಬೈಯಲಿಲ್ಲ. ಹಲಗೆಯನ್ನು ಓರೆ ಹಿಡಿದು ಬಣ್ಣವನ್ನು ತಾನಾಗಿ ಇಳಿಯಲು ಬಿಡುವುದನ್ನು, ಒದ್ದೆಯಿರುವಾಗ ಎರಡನೇ ಸಲ ಮುಟ್ಟದಿರುವುದನ್ನು ಹೇಳಿಕೊಟ್ಟರು. ಆ ಮಧ್ಯಾಹ್ನಗಳಷ್ಟು ಸುಖ ನನಗೆ ಬೇರೆ ಯಾವುದರಲ್ಲೂ ಇರಲಿಲ್ಲ.

ಆಮೇಲೆ ಯುದ್ಧ ಬಂತು, ಬೆಂಗಳೂರಿನ ಅಂಗಡಿಗಳಲ್ಲಿ ವಿಲಾಯಿತಿ ಬಣ್ಣ ನಿಂತುಹೋಯಿತು. ಅದೇ ಸಮಯದಲ್ಲಿ ಗೌನಿಪಲ್ಲಿಯ ಮಾವಿನ ತೋಟದವರೊಬ್ಬರು ಶ್ರೀನಿವಾಸಪುರದಲ್ಲಿ ಹೊಸ ಹಣ್ಣಿನ ಮಂಡಿ ಕಟ್ಟಿಸಿ, ಅದರ ಗೋಡೆಗೆ ತಮ್ಮ ತೋಟದ ಹಣ್ಣುಗಳ ಚಿತ್ರ ಬೇಕೆಂದರು. ತಾತ ನನ್ನನ್ನು ಕರೆದು, ಬಾದಾಮಿ ಮಾವಿನ ಹಣ್ಣನ್ನು ನೀನು ಬರೆ, ನನ್ನವುಗಳ ಪಕ್ಕದಲ್ಲೇ ಇಡುತ್ತೇನೆ ಎಂದರು. ಕಾಗದದಲ್ಲಿ ಸುತ್ತಿದ್ದ ಒಂದು ಹಳದಿ ಬಿಲ್ಲೆ ಕೈಗಿಟ್ಟರು.

"ವಿಲಾಯಿತೀದು ಕಣೇ. ಹುಷಾರು."

ಲವಂಗದ ವಾಸನೆ ಬಂತು. ನಾನು ನಂಬಿದೆ.

ಆ ಹಣ್ಣಿಗೆ ತೆಳುವಾಗಿ ಒಂದು ಪದರ ಕೊಟ್ಟು, ಒಣಗಿಸಿ, ಮೇಲೆ ಇನ್ನೊಂದು ಕೊಟ್ಟೆ. ತೊಟ್ಟಿನ ಹತ್ತಿರ ಚೂರು ಹಸಿರು ಇಳಿಬಿಟ್ಟೆ. ತೋಟದವರು ಮನೆಗೆ ಬಂದು ಎಲ್ಲ ಚಿತ್ರಗಳನ್ನೂ ಚಾಪೆಯ ಮೇಲೆ ಹರಡಿಸಿ ನೋಡಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ.

"ಇದು ಚೂಡಪ್ಪಾ, ಕೈ ಚಾಚಿದ್ರೆ ಕಿತ್ಕೊಳ್ಳೋ ಹಂಗೈತೆ," ಎಂದು ತೆಲುಗು ಬೆರೆಸಿ ಹೇಳುತ್ತ ಅವರು ಎತ್ತಿದ್ದು ನನ್ನ ಬಾದಾಮಿಯನ್ನು. "ಬಾಕಿಲೆದುರಿಗೆ ಇದೇ ಇರ್ಲಿ."

ಯಾರು ಬರೆದದ್ದೆಂದು ತಾತ ಹೇಳಲಿಲ್ಲ. ಆಗಲಿ ಎಂದರು. ನನಗೆ ಅಷ್ಟೇ ಸಾಕಾಗಿತ್ತು.

ಶ್ರೀನಿವಾಸಪುರಕ್ಕೆ ಹೋಗಿ ಚಿತ್ರಗಳನ್ನು ಗೋಡೆಗೆ ಅಂಟಿಸಿ ಬಂದವರು ತಾತನೇ. ಮಂಡಿ ಶುರುವಾಗುವ ದಿನ ನನ್ನನ್ನೂ ಇದ್ದಿಲಿನಿಂದ ಓಡುತ್ತಿದ್ದ ಬಸ್ಸಿನಲ್ಲಿ ಕರೆದುಕೊಂಡು ಹೋದರು. ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ಒಳಗೆ ಹೊಸ ಸುಣ್ಣದ ವಾಸನೆ. ಗೋಡೆ ಇನ್ನೂ ಹಸಿ. ಅವರ ಹಣ್ಣುಗಳೆಲ್ಲ ಬರೆದ ಹಾಗೇ ಇದ್ದವು. ಬಾಗಿಲೆದುರಿಗೆ ನನ್ನದು ರಕ್ತ ಹೆಪ್ಪುಗಟ್ಟಿದ ಹಾಗೆ ಕೆಂಪಾಗಿತ್ತು.

ಬುಟ್ಟಿ ಇಳಿಸುತ್ತಿದ್ದ ಗಾಡಿಯವನೊಬ್ಬ ಜೊತೆಯವನನ್ನು ತಿವಿದ. "ಏನ್ಲಾ, ಹಣ್ಣಿಗೆ ಆರತಿ ಎತ್ತಿ ನೀರು ಅದರ ಮೇಲೇ ಚೆಲ್ಲವ್ರೆ!"

ಎಲ್ಲರೂ ನಕ್ಕರು. ನನಗೆ ಅರ್ಥವಾದದ್ದು ಅವನ ಆ ಮಾತಿನಿಂದಲೇ. ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುತ್ತದೆ. ಆರತಿ ನೀರು ಕಲಸುವ ಯಾವ ಹೆಂಗಸಿಗೆ ಗೊತ್ತಿಲ್ಲ? ನನ್ನ ಬಿಲ್ಲೆ ಅಂಟಿನಲ್ಲಿ ಕಲಸಿದ ಅರಿಶಿನ. ಲವಂಗದೆಣ್ಣೆ ಅದರ ವಾಸನೆ ಮುಚ್ಚಿತ್ತು. ತಿರುಗಿ ತಾತನನ್ನು ನೋಡಿದೆ. ಅವರು ಗೋಡೆ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು. ಮುಖದಲ್ಲಿ ಆಶ್ಚರ್ಯವಿರಲಿಲ್ಲ.

ವಾಪಸು ಬರುವಾಗ, ಬಸ್ಸಿನಲ್ಲಿ ನಮ್ಮ ಹತ್ತಿರ ಯಾರೂ ಇಲ್ಲದ್ದನ್ನು ನೋಡಿಕೊಂಡು ಕೇಳಿದೆ.

"ವಿಲಾಯಿತಿ ಹಳದಿ ಇದ್ದದ್ದು ಒಂದೇ ಬಿಲ್ಲೆ ಕಣೇ," ಎಂದರು. "ಇಬ್ಬರಿಗೆ ಎಲ್ಲಿ ಸಾಲುತ್ತೆ? ಅವರು ನಿಂದನ್ನೇ ಆರಿಸ್ತಾರೆ ಅಂತ ನಾನೇನು ಕನಸು ಕಂಡಿದ್ನಾ?"

"ಸುಣ್ಣದ ಗೋಡೆಗೆ ಅಂಟಿಸೋವಾಗ ಗೊತ್ತಿತ್ತಲ್ಲ."

ಇವತ್ತಿನವರೆಗೂ ನನ್ನಲ್ಲಿ ಉಳಿದಿರುವುದು ಅದೇ. ಅರಿಶಿನ ಎಂದು ಮೊದಲೇ ಹೇಳಿದ್ದರೆ ಅದರಲ್ಲೇ ಸಂತೋಷವಾಗಿ ಬರೆಯುತ್ತಿದ್ದೆ, ಹಲಗೆಗೆ ಅಂಟಿಸಿ ತೂಗುಹಾಕಿ ಎನ್ನುತ್ತಿದ್ದೆ. ತಮ್ಮ ಕೈಯಿಂದ ಮೈದಾ ಸರಿ ಸವರಿ, ಅಂಗೈಯಲ್ಲಿ ಒತ್ತಿ ಅಂಟಿಸುವಾಗ ಆಗುವುದೇನೆಂದು ಗೊತ್ತಿದ್ದೂ ಮನೆಗೆ ಬಂದು ಊಟ ಮಾಡಿದರಲ್ಲ.

ಆ ಜಾಗಕ್ಕೆ ಅವರದೇ ಇನ್ನೊಂದು ಬಾದಾಮಿ ಹೋಯಿತು. ಕೆಲಸ ಹೆಚ್ಚಿದಾಗ ಎಲೆ, ತೊಟ್ಟು ಬರೆಯಲು ನನ್ನನ್ನು ಕರೆಯುತ್ತಲೇ ಇದ್ದರು. ಬರೆದೆ. ಆದರೆ ಅತ್ತೆಯವರ ಹಳೆಯ ಸುಣ್ಣದ ಡಬ್ಬಿಯನ್ನು ತಂದು ಪೆಟ್ಟಿಗೆಯೊಳಗಿಟ್ಟೆ. ಅವರು ಹಳದಿ ಕೊಟ್ಟಾಗಲೆಲ್ಲ ಚೂರು ಕಾಗದಕ್ಕೆ ಸವರಿ, ಬೆರಳ ತುದಿಯಲ್ಲಿ ಸುಣ್ಣ ಮುಟ್ಟಿಸಿ ನೋಡುತ್ತಿದ್ದೆ. ಅವರ ಕಣ್ಣೆದುರಿಗೇ.

ಯುದ್ಧ ಮುಗಿದ ಮೇಲೆ ಬೆಂಗಳೂರಿನಿಂದ ಹೊಸ ಬಿಲ್ಲೆ ತಂದರು. ಬೆಳ್ಳಿ ಕಾಗದ ಬಿಚ್ಚದೆ ನನ್ನ ಮುಂದಿಟ್ಟು, ನೀನೇ ಬಿಚ್ಚು ಎಂದರು. ಬಿಚ್ಚಿದೆ, ಒದ್ದೆ ಮಾಡಿ ಸವರಿದೆ, ಸುಣ್ಣ ಮುಟ್ಟಿಸಿದೆ. ಹಳದಿ ಹಳದಿಯಾಗೇ ಇತ್ತು. ಅಲ್ಲಿಯವರೆಗೆ ನಿಂತೇ ಇದ್ದವರು ಹೊರಗೆ ಹೋದರು.

ಪೆಟ್ಟಿಗೆಯಲ್ಲಿ ಅರ್ಧ ಸವೆದಿರುವುದು ಆ ಬಿಲ್ಲೆಯೇ. ಒಳ್ಳೆಯ ಬಣ್ಣ, ನೀವು ಬಳಸಿ. ಸುಣ್ಣ ಒಣಗಿದಾಗಲೆಲ್ಲ ಬದಲಾಯಿಸುತ್ತಿದ್ದೆ. ಅವರು ತೀರಿಕೊಂಡ ಮೇಲೆ ಡಬ್ಬಿಗೆ ಹೊಸ ಸುಣ್ಣ ಹಾಕಿಲ್ಲ.